ಐದೋ, ಐದೂವರೆಯೋ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹೊಸ ನಿಯಮಗಳಿಗೆ ಹೋಗುವ ಮುನ್ನ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸಿ ಕಥೆ ಕಟ್ಟುವ ಆಟದ ನಮ್ಮ ಮೇಜಿಗೆ ಹೊಸದಾಗಿ ಬಂದ ಹುಡುಗಿ ಕ್ಲೆರಿಕ್, ಅಂದರೆ ಪುರೋಹಿತೆಯ ಪಾತ್ರ ಆಡುತ್ತಾಳೆ. ಗಾಯಗೊಂಡ ಗೆಳೆಯನಿಗೆ 'ಕ್ಯೂರ್ ವೂಂಡ್ಸ್' ಮಂತ್ರ ಹಾಕಿ, ಎಂಟು ಮುಖದ ದಾಳ ಎರಡನ್ನು ಕೈಗೆತ್ತಿಕೊಂಡಳು. ಆಟ ನಡೆಸುವ ಡಂಜನ್ ಮಾಸ್ಟರ್ ಆಗಿ ಕುಳಿತಿದ್ದ ನಾನು, ಪುಸ್ತಕ ತೆರೆಯುವ ಗೋಜಿಗೂ ಹೋಗದೆ, "ಒಂದೇ ದಾಳ" ಎಂದೆ. ಹತ್ತು ವರ್ಷದಿಂದ ಗೊತ್ತಿರುವ ಸಂಗತಿಗೆ ಪುಸ್ತಕ ಯಾಕೆ? ಅವಳು ತನ್ನ ಪುಸ್ತಕ ತಿರುಗಿಸಿ ಮುಂದಿಟ್ಟಳು. ಎರಡು ದಾಳ ಎಂದೇ ಬರೆದಿತ್ತು. ನನ್ನ ಪುಸ್ತಕದಲ್ಲಿ ಒಂದು ಎಂದಿತ್ತು. ಎರಡರ ಮುಖಪುಟದ ಮೇಲೂ ಒಂದೇ ಹೆಸರು: ಪ್ಲೇಯರ್ಸ್ ಹ್ಯಾಂಡ್‌ಬುಕ್. ನನ್ನದು 2014ರದು, ಅವಳದು 2024ರದು.

ಈ ಆಟ ಆಡುವ ಬಹುತೇಕ ಗುಂಪುಗಳ ಮುಂದೆ ಈಗ ಇರುವ ಪ್ರಶ್ನೆ ಇದೇ: ಹೊಸ ನಿಯಮಗಳಿಗೆ ಹೋಗುವುದೋ, ಹಳೆಯದರಲ್ಲೇ ಉಳಿಯುವುದೋ? ಚರ್ಚೆ ಸಾಮಾನ್ಯವಾಗಿ ಯಾವ ಪುಸ್ತಕ ಚೆನ್ನಾಗಿದೆ ಎಂಬಲ್ಲಿಗೆ ಹೋಗಿ ನಿಂತುಬಿಡುತ್ತದೆ. ಅದಕ್ಕೆ ಉತ್ತರ ಸುಲಭ. ಹೊಸದು ಒಟ್ಟಾರೆ ಚೆನ್ನಾಗಿದೆ. ಆದರೆ ಪುಸ್ತಕ ಚೆನ್ನಾಗಿರುವುದು ಬೇರೆ, ನಿಮ್ಮ ಮೇಜಿಗೆ ಅದು ಈಗ ಬೇಕೇ ಎಂಬುದು ಬೇರೆ. ಎರಡನೆಯದು ನಿಯಮದ ಗುಣಕ್ಕಿಂತ ಹೆಚ್ಚಾಗಿ ಮೇಜಿನ ಸುತ್ತ ಕುಳಿತವರ ನೆನಪಿಗೆ ಸಂಬಂಧಿಸಿದ್ದು.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾಗವತರು ಪ್ರಸಂಗ ನಡೆಸುತ್ತಾರೆ, ಅರ್ಥಧಾರಿಗಳು ತಮ್ಮ ಪಾತ್ರದ ಮಾತನ್ನು ಕುಳಿತಲ್ಲೇ ಕಟ್ಟುತ್ತಾರೆ. ಇಲ್ಲಿ ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್. ಅರ್ಥಧಾರಿಗಳ ಜಾಗದಲ್ಲಿ ನಾಲ್ಕೈದು ಆಟಗಾರರು, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ವ್ಯತ್ಯಾಸ ಇಷ್ಟೇ: ಕರ್ಣ ಸಾಯುತ್ತಾನೆ ಎಂದು ಪ್ರಸಂಗದಲ್ಲಿ ಮೊದಲೇ ಗೊತ್ತು, ಇಲ್ಲಿ ಅದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದಾಳದಲ್ಲಿ ಬಿದ್ದ ಸಂಖ್ಯೆಗೆ ಏನರ್ಥ ಎಂದು ಹೇಳುವುದೇ ನಿಯಮಪುಸ್ತಕದ ಕೆಲಸ. ಒಂದು ಕಥೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಅದನ್ನು ಕ್ಯಾಂಪೇನ್ ಎನ್ನುತ್ತಾರೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು ರೂಪಿಸಿದ ಈ ಆಟ ಮೊದಲು ಅಚ್ಚಾದದ್ದು 1974ರಲ್ಲಿ. ಆಮೇಲೆ ಅದು ಹಲವು ಸಲ ಚರ್ಮ ಕಳಚಿದೆ. 1989ರಲ್ಲಿ ಎರಡನೆಯ ಆವೃತ್ತಿ, 2000ದಲ್ಲಿ ಮೂರನೆಯದು, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು. ನಾಲ್ಕನೆಯದಕ್ಕೆ ಹೋಗಲು ಒಪ್ಪದ ದೊಡ್ಡ ಗುಂಪೊಂದು ಮೂರನೆಯದರ ತಳಹದಿಯ ಮೇಲೆ ಬೇರೆ ಕಂಪನಿ 2009ರಲ್ಲಿ ತಂದ ಪಾತ್‌ಫೈಂಡರ್ ಎಂಬ ಆಟಕ್ಕೆ ಎದ್ದುಹೋಯಿತು. ಆವೃತ್ತಿ ಬದಲಾದಾಗ ಮೇಜುಗಳು ಒಡೆಯುವುದು ಈ ಆಟದಲ್ಲಿ ಹೊಸತೇನಲ್ಲ.

ನಮ್ಮ ಪ್ರಶ್ನೆಗೆ ಹತ್ತಿರದ ಉದಾಹರಣೆ ಮಾತ್ರ 2003ರದು. ಮೂರನೆಯ ಆವೃತ್ತಿ ಬಂದು ಮೂರೇ ವರ್ಷಕ್ಕೆ ಪ್ರಕಾಶಕರು 'ಮೂರೂವರೆ' ತಂದರು. ಇಡೀ ಆಟ ಬದಲಾಗಲಿಲ್ಲ, ಅಲ್ಲಲ್ಲಿ ತಿದ್ದಿದರು. 'ಬುಲ್ಸ್ ಸ್ಟ್ರೆಂತ್' ಎಂಬ ಮಂತ್ರದ ಬಲ ಗಂಟೆಗಳ ಲೆಕ್ಕದಲ್ಲಿ ಉಳಿಯುತ್ತಿದ್ದದ್ದು ನಿಮಿಷಗಳಿಗೆ ಇಳಿಯಿತು. 'ಹೇಸ್ಟ್' ಮಂತ್ರ ಕೊಡುತ್ತಿದ್ದ ಲಾಭವೇ ಬೇರೆಯಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ಬೆಳಿಗ್ಗೆ ಎದ್ದು ಮಂತ್ರ ಹಾಕಿಕೊಂಡು ದಿನವಿಡೀ ಓಡಾಡುತ್ತಿದ್ದ ಪಾತ್ರ, ಗುಹೆಯ ಎರಡನೆಯ ಕೋಣೆ ತಲುಪುವಷ್ಟರಲ್ಲಿ ಬಲ ಕಳೆದುಕೊಂಡು ನಿಲ್ಲುತ್ತಿತ್ತು.

2024ರದೂ ಅಂಥದೇ ಪರಿಷ್ಕರಣೆ. ಪ್ಲೇಯರ್ಸ್ ಹ್ಯಾಂಡ್‌ಬುಕ್ ಸೆಪ್ಟೆಂಬರ್‌ನಲ್ಲಿ, ಡಂಜನ್ ಮಾಸ್ಟರ್ಸ್ ಗೈಡ್ ನವೆಂಬರ್‌ನಲ್ಲಿ, ಮಾನ್‌ಸ್ಟರ್ ಮ್ಯಾನ್ಯುಯಲ್ ಎಂಬ ರಾಕ್ಷಸರ ಪುಸ್ತಕ 2025ರ ಫೆಬ್ರುವರಿಯಲ್ಲಿ ಬಂದವು. ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಇದನ್ನು ಆರನೆಯ ಆವೃತ್ತಿ ಎಂದು ಕರೆಯಲಿಲ್ಲ. ಐದನೆಯದರ ಹೊಸ ರೂಪ, ಹಳೆಯ ಸಾಹಸಪುಸ್ತಕಗಳ ಜೊತೆಗೂ ನಡೆಯುತ್ತದೆ ಎಂದರು. ಆಟಗಾರರು ಹಳೆಯ ಲೆಕ್ಕವನ್ನೇ ಹಿಡಿದು 'ಐದೂವರೆ' ಎನ್ನತೊಡಗಿದರು. ನಾನೂ ಹಾಗೇ ಕರೆಯುತ್ತೇನೆ.

ಎದ್ದು ಕಾಣುವ ಬದಲಾವಣೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ತೊಂದರೆ ಅವುಗಳಲ್ಲಿಲ್ಲ. ಪಾತ್ರದ ಕುಲಕ್ಕಿದ್ದ 'ರೇಸ್' ಎಂಬ ಪದ ಹೋಗಿ 'ಸ್ಪೀಷೀಸ್' ಬಂದಿದೆ. ಕುಲದಿಂದ ಸಿಗುತ್ತಿದ್ದ ಶಕ್ತಿ, ಬುದ್ಧಿಗಳ ಹೆಚ್ಚಳ ಈಗ ಪಾತ್ರದ ಹಿನ್ನೆಲೆಯಿಂದ ಸಿಗುತ್ತದೆ. ಎಲ್ಫ್ ಎಂಬ ಕುಲದಲ್ಲಿ ಹುಟ್ಟಿದ್ದಕ್ಕಲ್ಲ, ಸೈನಿಕನಾಗಿಯೋ ಪಂಡಿತನಾಗಿಯೋ ಬೆಳೆದದ್ದಕ್ಕೆ. ಮೊದಲ ಲೆವೆಲ್‌ನಲ್ಲೇ ಪ್ರತಿಯೊಬ್ಬರಿಗೂ ಒಂದು 'ಫೀಟ್', ಅಂದರೆ ವಿಶೇಷ ಸಾಮರ್ಥ್ಯ ದೊರೆಯುತ್ತದೆ. ಪಾತ್ರದ ಕಸುಬನ್ನು ಹೇಳುವ ಹನ್ನೆರಡು ವರ್ಗಗಳಿಗೂ ಉಪವರ್ಗ ಆರಿಸುವುದು ಮೂರನೆಯ ಲೆವೆಲ್‌ನಲ್ಲೇ. ಹಿಂದೆ ಕೆಲವಕ್ಕೆ ಒಂದರಲ್ಲಿ, ಕೆಲವಕ್ಕೆ ಎರಡರಲ್ಲಿ ಇತ್ತು. ಫೈಟರ್, ಬಾರ್ಬೇರಿಯನ್‌ರಂಥವರಿಗೆ 'ವೆಪನ್ ಮಾಸ್ಟರಿ' ಬಂದಿದೆ: ಒಂದು ಬಗೆಯ ಆಯುಧ ಎದುರಾಳಿಯನ್ನು ದೂರ ತಳ್ಳುತ್ತದೆ, ಇನ್ನೊಂದು ಕೆಡವುತ್ತದೆ, ಮತ್ತೊಂದು ಗುರಿ ತಪ್ಪಿದರೂ ಚೂರು ಗಾಯ ಮಾಡುತ್ತದೆ. ಇವೆಲ್ಲ ಹೊಸವು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಹೊಸದೆಂದು ಗೊತ್ತಾದದ್ದನ್ನು ನಾವು ಓದುತ್ತೇವೆ. ಓದಿದರೆ ಮುಗಿಯಿತು.

ಕಾಲು ಎಡವುವುದು ಹಳೆಯ ಹೆಸರಿನ ಹೊಸ ನಿಯಮಗಳಲ್ಲಿ. 'ಕೌಂಟರ್‌ಸ್ಪೆಲ್' ಎಂಬ, ಎದುರಾಳಿಯ ಮಂತ್ರವನ್ನು ತಡೆಯುವ ಮಂತ್ರವಿದೆ. 2014ರಲ್ಲಿ ಅದು ಮೂರನೆಯ ಹಂತದವರೆಗಿನ ಮಂತ್ರಗಳನ್ನು ಮಾತಿಲ್ಲದೆ ನಿಲ್ಲಿಸುತ್ತಿತ್ತು. ಈಗ ಎದುರಾಳಿ ಕಾನ್‌ಸ್ಟಿಟ್ಯೂಷನ್ ಎಂಬ ದೇಹಬಲದ ಮೇಲೆ ಸೇವಿಂಗ್ ಥ್ರೋ, ಅಂದರೆ ತಪ್ಪಿಸಿಕೊಳ್ಳುವ ದಾಳ ಉರುಳಿಸಿ ಗೆದ್ದರೆ ಅವನ ಮಂತ್ರ ನಡೆದೇ ನಡೆಯುತ್ತದೆ. ಸೋತರೂ ಅವನ ಮಂತ್ರದ ಸ್ಲಾಟ್, ಅಂದರೆ ಇಷ್ಟೇ ಮಂತ್ರ ಎಂದು ಇರುವ ಲೆಕ್ಕದಲ್ಲಿ ಒಂದು ಪಾಲು, ಖರ್ಚಾಗುವುದಿಲ್ಲ. 'ಗ್ರೇಟ್ ವೆಪನ್ ಮಾಸ್ಟರ್' ಎಂಬ ಫೀಟ್‌ನಲ್ಲಿ ಹೊಡೆಯುವ ದಾಳದಿಂದ ಐದು ಕಳೆದುಕೊಂಡು ಗಾಯಕ್ಕೆ ಹತ್ತು ಸೇರಿಸುವ ಜೂಜಿತ್ತು. ಆ ಜೂಜೇ ಈಗಿಲ್ಲ. ಬದಲಿಗೆ ಸಣ್ಣದೊಂದು ಹೆಚ್ಚಳ ತಾನಾಗಿ ಬರುತ್ತದೆ. ದಣಿವಿಗೆ ಆರು ಹಂತಗಳಿದ್ದು ಒಂದೊಂದಕ್ಕೂ ಬೇರೆ ಬೇರೆ ಶಿಕ್ಷೆಯಿತ್ತು, ಪಟ್ಟಿ ನೋಡದೆ ಹೇಳಬಲ್ಲವರು ಕಡಿಮೆ. ಈಗಲೂ ಆರೇ ಹಂತ, ಆರನೆಯದು ಈಗಲೂ ಸಾವು. ಆದರೆ ನಡುವಿನ ಲೆಕ್ಕ ಸರಳವಾಗಿದೆ: ಹಂತಕ್ಕೆ ಎರಡರಂತೆ ದಾಳದಿಂದ ಕಳೆ, ಐದು ಅಡಿಯಂತೆ ನಡಿಗೆಯಿಂದ ಕಳೆ. ಹೊಂಚು ಹಾಕಿ ಬಿದ್ದವರ ಎದುರು ಮೊದಲ ಸರದಿಯನ್ನೇ ಕಳೆದುಕೊಳ್ಳುತ್ತಿದ್ದ ಪಾತ್ರಗಳು ಈಗ ಸರದಿಯ ಕ್ರಮ ನಿರ್ಧರಿಸುವ ದಾಳವನ್ನು ಎರಡು ಸಲ ಉರುಳಿಸಿ ಕಡಿಮೆಯದನ್ನು ತೆಗೆದುಕೊಳ್ಳುತ್ತವೆ, ಅಷ್ಟೆ.

ಪಾಲಡಿನ್, ಅಂದರೆ ದೈವಬಲದ ಯೋಧನ ಪಾತ್ರ ಆಡುವವರಿಗೆ 'ಡಿವೈನ್ ಸ್ಮೈಟ್' ಎಂದರೆ ಪ್ರಾಣ. ತಗುಲಿದ ಪ್ರತಿ ಹೊಡೆತಕ್ಕೂ ಒಂದೊಂದು ಸ್ಲಾಟ್ ಸುಟ್ಟು ದಾಳಗಳ ರಾಶಿ ಉರುಳಿಸಬಹುದಿತ್ತು. ಹೊಸ ಪುಸ್ತಕದಲ್ಲಿ ಅದು ಮಂತ್ರವಾಗಿದೆ, ಮುಖ್ಯ ಕ್ರಿಯೆಯಾದ ಆಕ್ಷನ್ ಜೊತೆಗೆ ಸರದಿಗೊಂದೇ ಸಿಗುವ ಬೋನಸ್ ಆಕ್ಷನ್ ಕೇಳುತ್ತದೆ. ಹಾಗಾಗಿ ಸರದಿಗೆ ಒಂದೇ. ಮಂತ್ರವಾದ್ದರಿಂದ ಎದುರಾಳಿ ಕೌಂಟರ್‌ಸ್ಪೆಲ್ ಹಾಕಿ ತಡೆಯಲೂಬಹುದು. ಪ್ರಕೃತಿಯ ಮಾಂತ್ರಿಕನಾದ ಡ್ರೂಯಿಡ್‌ನ 'ಕಾಂಜೂರ್ ಅನಿಮಲ್ಸ್' ಎಂಟು ತೋಳಗಳನ್ನು ಕರೆಯುತ್ತಿತ್ತು, ಎಂಟಕ್ಕೂ ಬೇರೆ ಬೇರೆ ದಾಳ. ಉಳಿದವರು ಎದ್ದು ಕಾಫಿ ಮಾಡಿಕೊಂಡು ಬರುವಷ್ಟು ಹೊತ್ತು. ಈಗ ಅದು ಜೊತೆಯಲ್ಲಿ ಚಲಿಸುವ ಮಾಯೆಯ ಹಿಂಡು, ಹತ್ತಿರ ಬಂದವರಿಗೆ ಗಾಯ. ಈ ಬದಲಾವಣೆಗೆ ಮಾತ್ರ ನಾನು ಮನಸಾರೆ ಕೈಮುಗಿದಿದ್ದೇನೆ.

ಒಂದೆರಡು ಕಡೆ ಹೊಸ ಪುಸ್ತಕವೇ ಗೊಂದಲ ಹುಟ್ಟಿಸಿದೆ. ಅಡಗಿಕೊಳ್ಳುವ ನಿಯಮ ನೋಡಿ: ದಾಳದಲ್ಲಿ ಹದಿನೈದು ಮುಟ್ಟಿದರೆ ಪಾತ್ರಕ್ಕೆ 'ಇನ್ವಿಸಿಬಲ್' ಎಂಬ ಸ್ಥಿತಿ ಸಿಗುತ್ತದೆ. ಪಿಪಾಯಿಯ ಹಿಂದೆ ಕುಕ್ಕರಗಾಲಲ್ಲಿ ಕೂತವನಿಗೂ ಮಂತ್ರದಿಂದ ಮಾಯವಾದವನಿಗೂ ಒಂದೇ ಪದ. ಪಿಪಾಯಿ ಸರಿಸಿದರೆ ಏನಾಗುತ್ತದೆ ಎಂದು ತೀರ್ಮಾನಿಸುವ ಕೆಲಸ ಕೊನೆಗೆ ಡಂಜನ್ ಮಾಸ್ಟರ್‌ನ ತಲೆಗೇ ಬರುತ್ತದೆ. ಕಾಡಿನ ಬೇಟೆಗಾರನಾದ ರೇಂಜರ್‌ನ ಮೇಲಿನ ಲೆವೆಲ್‌ಗಳ ಲಾಭಗಳನ್ನು 'ಹಂಟರ್ಸ್ ಮಾರ್ಕ್' ಎಂಬ ಒಂದೇ ಮಂತ್ರಕ್ಕೆ ಕಟ್ಟಿಹಾಕಿದ್ದೂ ನನಗೆ ಹಿಡಿಸಲಿಲ್ಲ.

ಈಗ ನೆನಪಿನ ಮಾತಿಗೆ ಬರೋಣ. ಪೂರ್ತಿ ಬೇರೆ ಆಟವಾದರೆ ಎಲ್ಲರೂ ವಿದ್ಯಾರ್ಥಿಗಳು, ಅನುಮಾನ ಬಂದಾಗ ಪುಸ್ತಕ ತೆರೆಯುತ್ತೇವೆ. ಪರಿಷ್ಕರಣೆಯಲ್ಲಿ ಅನುಮಾನವೇ ಬರುವುದಿಲ್ಲ. ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತೇವೆ, ನಾನು "ಒಂದೇ ದಾಳ" ಎಂದಂತೆ. ಹಾಗಾಗಿ ಬದಲಾವಣೆಯ ಖರ್ಚು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ನಿನ್ನೆ ಬಂದವರಿಗೆ ಖರ್ಚೇ ಇಲ್ಲ. ತನ್ನ ಒಂದು ಪಾತ್ರವನ್ನು ಮಾತ್ರ ಬಲ್ಲ ಆಟಗಾರನಿಗೆ ಎರಡು ಮೂರು ಪುಟದ ಖರ್ಚು. ಎಲ್ಲ ವರ್ಗ, ಎಲ್ಲ ಮಂತ್ರ, ಎಲ್ಲ ರಾಕ್ಷಸರ ಲೆಕ್ಕ ತಲೆಯಲ್ಲಿಟ್ಟುಕೊಂಡ ಡಂಜನ್ ಮಾಸ್ಟರ್‌ಗೆ ಬೀಳುವುದೇ ದೊಡ್ಡ ಬಿಲ್ಲು. ಆದ್ದರಿಂದ ಮೊದಲ ಪ್ರಶ್ನೆ ಅವರಿಗೇ ಹೋಗಬೇಕು: ನಿಮಗೆ ಕಲಿತದ್ದನ್ನು ಮರೆಯುವ ಪುರುಸೊತ್ತು ಇದೆಯೇ?

ಇದರ ಮೇಲೆ ಮೇಜಿನ ಮೇಲಿನ ಕೆಲಸವೂ ಅವರಿಗೇ ಹೆಚ್ಚುತ್ತದೆ. ಕೆಡವುವ ಗುಣದ ಆಯುಧ ಹಿಡಿದ ಫೈಟರ್ ಹೊಡೆದಾಗಲೆಲ್ಲ, ಎದುರಾಳಿ ಬಿದ್ದನೇ ಇಲ್ಲವೇ ಎಂದು ನೋಡಲು ಡಂಜನ್ ಮಾಸ್ಟರ್ ಒಂದು ದಾಳ ಉರುಳಿಸಬೇಕು. ಐದನೆಯ ಲೆವೆಲ್‌ನಲ್ಲಿ ಫೈಟರ್‌ಗೆ ಸರದಿಗೆ ಎರಡು ಹೊಡೆತ. ಅಂಥವರು ಇಬ್ಬರಿದ್ದರೆ ಸಂಜೆಯೆಲ್ಲ ಟಕಟಕ ದಾಳದ ಸದ್ದು. ಇನ್ನೊಂದು ಕಡೆ ಕೆಲಸ ಇಳಿದಿರುವುದೂ ನಿಜ. ಹಿಂದೆ ತೋಳ ಕಚ್ಚಿದರೆ ಕಚ್ಚಿಸಿಕೊಂಡವನು ದಾಳ ಉರುಳಿಸಿ ಬೀಳದೆ ಉಳಿಯಬಹುದಿತ್ತು. ಹೊಸ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಕಚ್ಚಿತೆಂದರೆ ಬಿದ್ದ. ಕಾಳಗದ ತೂಕ ಅಳೆಯುವ ಲೆಕ್ಕವೂ ಹಗುರವಾಗಿದೆ. ರಾಕ್ಷಸರ ಸಂಖ್ಯೆ ಹೆಚ್ಚಿದಂತೆ ಒಂದೂವರೆ, ಎರಡು ಎಂದು ಗುಣಿಸುತ್ತಾ ಹೋಗುವ ಕಾಟ ತಪ್ಪಿದೆ.

ಗುಂಪಿನಲ್ಲಿ ಕೈ ಎತ್ತಿಸಿ ತೀರ್ಮಾನಿಸಿದರೆ ಆಗದೇ? ನಾನು ಹಾಗೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಬರಿಗೈಯಲ್ಲಿ ಕಾದುವ ಮಾಂಕ್ ಪಾತ್ರ ಆಡುವವನು ಮೊದಲು ಕೈ ಎತ್ತಿದ, ಏಕೆಂದರೆ ಹೊಸ ಪುಸ್ತಕದಲ್ಲಿ ಮಾಂಕ್‌ನಷ್ಟು ಮೇಲೆದ್ದ ವರ್ಗ ಇನ್ನೊಂದಿಲ್ಲ. ಫೈಟರ್ ಎತ್ತಿದ. ರೋಗ್ ಎತ್ತಿದಳು. ಪಾಲಡಿನ್ ಮುಖ ಗಂಟಿಕ್ಕಿಕೊಂಡು ಕುಳಿತ. ಮೂರಕ್ಕೆ ಒಂದು. ಆದರೆ ಅವರು ಮತ ಹಾಕಿದ್ದು ನಿಯಮಕ್ಕಲ್ಲ, ತಂತಮ್ಮ ಪಾತ್ರದ ಪಗಾರಕ್ಕೆ. ಎರಡು ವರ್ಷ ಕಟ್ಟಿ ಬೆಳೆಸಿದ ಪಾತ್ರದ ಮುಖ್ಯ ಪಟ್ಟನ್ನೇ ಬಹುಮತದಿಂದ ಕಸಿದುಕೊಂಡರೆ ಅವನು ಮುಂದಿನ ವಾರ ಬರುತ್ತಾನೆಯೇ? ಬಂದರೂ ಮನಸ್ಸಿಟ್ಟು ಆಡುತ್ತಾನೆಯೇ?

ಹಾಗಾಗಿ ನಡುವಿನಲ್ಲಿರುವ ಕ್ಯಾಂಪೇನ್‌ಗೆ ನನ್ನ ಸಲಹೆ ಸ್ಪಷ್ಟ: ಮುಗಿಯುವವರೆಗೆ ಹಳೆಯದರಲ್ಲೇ ಇರಿ. ಒಂದನೆಯಿಂದ ನಾಲ್ಕನೆಯ ಲೆವೆಲ್‌ವರೆಗಿನ ಪಾತ್ರಗಳಾದರೆ ಒಂದು ಭಾನುವಾರ ಕುಳಿತು ಹೊಸದಾಗಿ ಬರೆಯಬಹುದು. ಎಂಟು ಹತ್ತರ ಮೇಲಿನ ಪಾತ್ರಗಳಲ್ಲಿ ಹಳೆಯ ನಿಯಮವನ್ನೇ ನಂಬಿ ಮಾಡಿದ ಆಯ್ಕೆಗಳು ಪದರ ಪದರವಾಗಿ ಕೂತಿರುತ್ತವೆ. ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ. ಕಥೆಯಲ್ಲಿ ಸಹಜವಾದ ದೊಡ್ಡ ನಿಲುಗಡೆ ಸಿಕ್ಕಿ, ಪ್ರತಿ ಆಟಗಾರನಿಗೂ ಬೇಕಾದರೆ ಬೇರೆ ಪಾತ್ರ ತರುವ ಸ್ವಾತಂತ್ರ್ಯ ಕೊಡುವುದಾದರೆ ಮಾತ್ರ ಬೇರೆ ಮಾತು.

ಹೊಸ ಕ್ಯಾಂಪೇನ್ ಆರಂಭಿಸುವವರಿಗೆ, ಅದರಲ್ಲೂ ಹೊಸ ಆಟಗಾರರು ಇದ್ದರೆ, ಹೊಸ ಪುಸ್ತಕವನ್ನು ಪೂರ್ತಿಯಾಗಿ ತೆಗೆದುಕೊಳ್ಳಿ ಎನ್ನುತ್ತೇನೆ. ಪೂರ್ತಿಯಾಗಿ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. ಹೊಸ ಪಾತ್ರಗಳು ಮೊದಲ ಲೆವೆಲ್‌ನಿಂದಲೇ ಹಳೆಯವಕ್ಕಿಂತ ಗಟ್ಟಿ; ಅವರ ಎದುರು 2014ರ ರಾಕ್ಷಸರನ್ನು ನಿಲ್ಲಿಸಿದರೆ ಹುಲ್ಲಿನ ಬೊಂಬೆಗಳಂತೆ ಬೀಳುತ್ತಾರೆ. ತಿರುಗಾಮುರುಗಾ ಮಾಡಿ ಹಳೆಯ ಪಾತ್ರಗಳ ಮೇಲೆ ಹೊಸ ರಾಕ್ಷಸರನ್ನು ಬಿಟ್ಟರೆ, ತಪ್ಪಿಸಿಕೊಳ್ಳುವ ದಾಳವೇ ಇಲ್ಲದೆ ಮಣ್ಣು ಮುಕ್ಕುತ್ತಾರೆ. ಹಳೆಯ ಸಾಹಸಪುಸ್ತಕದ ಕಥೆ ಮತ್ತು ನಕ್ಷೆಗಳನ್ನು ಧಾರಾಳವಾಗಿ ಬಳಸಿ. ಅದರಲ್ಲಿ ಹೆಸರಿಸಿದ ರಾಕ್ಷಸನನ್ನು ಮಾತ್ರ ಹೊಸ ಪುಸ್ತಕದಿಂದ ತನ್ನಿ. ಹಳೆಯ ಪುಸ್ತಕದ ಕುಲ ಬೇಕೆಂದರೆ ಅದು ಕೊಡುತ್ತಿದ್ದ ಶಕ್ತಿ, ಬುದ್ಧಿಗಳ ಹೆಚ್ಚಳವನ್ನು ಬಿಟ್ಟುಬಿಡಬೇಕು. ಇಲ್ಲವಾದರೆ ಹಿನ್ನೆಲೆಯದೂ ಸೇರಿ ಎರಡೆರಡು ಸಲ ಸಂಬಳ ಕೊಟ್ಟಂತಾಗುತ್ತದೆ.

ಹಳೆಯದನ್ನು ಇಟ್ಟುಕೊಂಡೇ ಹೊಸದರಿಂದ ನಾಲ್ಕು ಒಳ್ಳೆಯ ನಿಯಮ ಆರಿಸಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಆರಿಸಿಕೊಳ್ಳಿ. ಚೌಕಾಬಾರಾ ಆಡಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗಬಹುದೇ ಎಂಬುದು ಅಜ್ಜಿಯ ಮನೆಯಲ್ಲಿ ಒಂದು, ಅತ್ತೆಯ ಮನೆಯಲ್ಲಿ ಇನ್ನೊಂದು. ಈ ಆಟದಲ್ಲೂ ಮೇಜಿಗೊಂದು ಕಟ್ಟಳೆ ಇದ್ದೇ ಇದೆ. 2014ರ ಪುಸ್ತಕದ ಪ್ರಕಾರ ಗಾಯ ಮಾಯಿಸುವ ಔಷಧ ಕುಡಿಯಲು ಇಡೀ ಆಕ್ಷನ್ ಕಳೆದುಕೊಳ್ಳಬೇಕಿತ್ತು. ಎಷ್ಟೋ ಮೇಜುಗಳು ಅದನ್ನು ಮೊದಲೇ ಬೋನಸ್ ಆಕ್ಷನ್‌ಗೆ ಇಳಿಸಿಕೊಂಡಿದ್ದವು. 2024ರಲ್ಲಿ ಪುಸ್ತಕವೇ ಆ ಮೇಜುಗಳ ದಾರಿಗೆ ಬಂತು. ಔಷಧ, ದಣಿವು, ಹೊಂಚಿನ ನಿಯಮಗಳು ಯಾವ ಪಾತ್ರದ ಮೈಗೂ ಅಂಟಿಕೊಂಡವಲ್ಲ; ತಂದರೆ ಯಾರ ಕಿಸೆಗೂ ಕತ್ತರಿ ಬೀಳುವುದಿಲ್ಲ. ವರ್ಗ, ಫೀಟ್, ಮಂತ್ರಗಳನ್ನು ಹೀಗೆ ಬಿಡಿಬಿಡಿಯಾಗಿ ತರಬೇಡಿ. ಒಬ್ಬನಿಗೆ ಹೊಸ ಮಾಂಕ್, ಇನ್ನೊಬ್ಬನಿಗೆ ಹಳೆಯ ಪಾಲಡಿನ್ ಎಂದರೆ ಇಬ್ಬರೂ ಖುಷಿ, ಡಂಜನ್ ಮಾಸ್ಟರ್‌ಗೆ ಮಾತ್ರ ಒಂದೇ ರಾತ್ರಿಯಲ್ಲಿ ಎರಡು ಪಂಚಾಂಗ.

ಹಣದ ವಿಚಾರ. ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ಮುದ್ರಿತ ಬೆಲೆಯೇ ಸುಮಾರು 50 ಡಾಲರ್. ಮೂರೂ ಸೇರಿದರೆ ಸಣ್ಣ ಮೊತ್ತವಲ್ಲ. ಆದರೆ ಕೊಳ್ಳದೆಯೇ ಪರೀಕ್ಷಿಸುವ ದಾರಿ ಇದೆ. 2023ರ ಜನವರಿಯಲ್ಲಿ ಪ್ರಕಾಶಕರು ತಮ್ಮ ಹಳೆಯ ಮುಕ್ತ ಪರವಾನಗಿಯನ್ನು ಬಿಗಿಗೊಳಿಸಲು ಹೊರಟಾಗ ಆಟಗಾರರು ದೊಡ್ಡ ಗಲಾಟೆ ಎಬ್ಬಿಸಿದರು. ಆ ತಿಂಗಳು ಮುಗಿಯುವುದರೊಳಗೆ ಪ್ರಕಾಶಕರು ಹಿಂದೆ ಸರಿದು, 2014ರ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು. 2025ರ ಏಪ್ರಿಲ್‌ನಲ್ಲಿ ಪರಿಷ್ಕೃತ ನಿಯಮಗಳ ದಾಖಲೆಯೂ ಅದೇ ಪರವಾನಗಿಯಲ್ಲಿ ಬಂತು. ವರ್ಗಕ್ಕೆ ಒಂದೇ ಉಪವರ್ಗವಿದ್ದರೂ ಆಡಿ ನೋಡಲು ಅಷ್ಟು ಸಾಕು. ಮೂಲದ ಹೆಸರು ನಮೂದಿಸಿದರೆ ಅದನ್ನು ಕನ್ನಡಕ್ಕೆ ಅನುವಾದಿಸಿ ಹಂಚಲೂ ಈ ಪರವಾನಗಿ ಅಡ್ಡಿ ಮಾಡುವುದಿಲ್ಲ. ಯಾರಾದರೂ ಕೈಹಾಕಿದರೆ 'ಸೇವಿಂಗ್ ಥ್ರೋ'ಗೆ ಒಂದು ಒಳ್ಳೆಯ ಪದ ಹುಡುಕಿಕೊಡಿ, ನನಗೆ ಇನ್ನೂ ಹೊಳೆದಿಲ್ಲ.

ಪಾತ್ರಗಳ ವಿವರವನ್ನು ಆ್ಯಪ್‌ನಲ್ಲಿ ಇಟ್ಟವರು ಒಂದು ಎಚ್ಚರ ವಹಿಸಬೇಕು. 2024ರ ಆಗಸ್ಟ್‌ನಲ್ಲಿ ಡಿ ಅಂಡ್ ಡಿ ಬಿಯಾಂಡ್ ಎಂಬ ಅಧಿಕೃತ ತಾಣ, ಪಾತ್ರಗಳ ಹಾಳೆಯಲ್ಲಿನ ಹಳೆಯ ಮಂತ್ರಗಳ ಜಾಗದಲ್ಲಿ ಹೊಸವನ್ನು ತಾನೇ ಕೂರಿಸುವುದಾಗಿ ಪ್ರಕಟಿಸಿತ್ತು. ಆಕ್ಷೇಪಗಳ ಸುರಿಮಳೆಯಾದ ಮೇಲೆ ಕೆಲವೇ ದಿನಗಳಲ್ಲಿ ಆ ಯೋಜನೆ ಕೈಬಿಟ್ಟಿತು. ಹಳೆಯದರಲ್ಲಿ ಉಳಿಯುವವರು ಪಾತ್ರದ ಹಾಳೆಯನ್ನು ಒಮ್ಮೆ ಕಾಗದಕ್ಕೆ ಇಳಿಸಿಟ್ಟುಕೊಂಡರೆ ನಷ್ಟವಿಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಒಂದು ಶನಿವಾರ ಕ್ಯಾಂಪೇನ್ ಬದಿಗಿಟ್ಟು, ಐದನೆಯ ಲೆವೆಲ್‌ನ ಪಾತ್ರಗಳೊಂದಿಗೆ ಒಂದೇ ಕಾಳಗವನ್ನು ಎರಡು ಸಲ ಆಡಿದೆವು. ಮೊದಲು ಹಳೆಯ ನಿಯಮದಲ್ಲಿ, ಆಮೇಲೆ ಹೊಸದರಲ್ಲಿ. ಹೊಸದನ್ನು ಆಡುವಾಗ ಹಾಳೆಯೊಂದರ ಮೇಲೆ ಎರಡು ಕಾಲಂ ಎಳೆದೆವು. ಗೊತ್ತಿಲ್ಲದೆ ಪುಸ್ತಕ ತೆರೆದರೆ ಎಡಗಡೆ ಒಂದು ಗೆರೆ. ಗೊತ್ತಿದೆ ಎಂದುಕೊಂಡು ತಪ್ಪಿದರೆ ಬಲಗಡೆ. ಎಡಗಡೆಯ ಗೆರೆಗಳು ಮೊದಲ ಅರ್ಧ ಗಂಟೆಯಲ್ಲಿ ಬಿದ್ದು ನಿಂತುಹೋದವು. ಬಲಗಡೆಯವು ಕೊನೆಯವರೆಗೂ ಬೀಳುತ್ತಲೇ ಇದ್ದವು, ಹೆಚ್ಚಿನವು ನನ್ನವೇ. ಕ್ಲೆರಿಕ್ ಆಡುವ ಹುಡುಗಿಯದು ಒಂದೂ ಇರಲಿಲ್ಲ.

ಈಗಿನ ಕ್ಯಾಂಪೇನ್ ಹಳೆಯ ನಿಯಮದಲ್ಲೇ ಮುಗಿಯುತ್ತದೆ, ಔಷಧದ ನಿಯಮವೊಂದನ್ನು ಬಿಟ್ಟು. ಅವಳು ಸದ್ಯ ಒಂದು ದಾಳದ ಕ್ಯೂರ್ ವೂಂಡ್ಸ್‌ಗೆ ಒಪ್ಪಿದ್ದಾಳೆ. ಮುಂದಿನ ಕಥೆ ಹೊಸದರಲ್ಲಿ. ಅದರಲ್ಲೂ ಡಂಜನ್ ಮಾಸ್ಟರ್ ನಾನೇ, ಆದರೆ ನಿಯಮದ ಪುಸ್ತಕ ಅವಳ ಕೈಯಲ್ಲಿರುತ್ತದೆ. ನಾನು "ಗೊತ್ತು" ಎಂದಾಗಲೆಲ್ಲ ಪುಟ ತೆರೆದು ನೋಡುವುದು ಅವಳ ಕೆಲಸ.